ಇನ್ನೊಂದ್ಸಲ, ಇನ್ನೊಂದೇ ಸಲ

ಮಾರ್ಗಶಿರದ ಚಳಿ ಬೀಳುತ್ತಿದ್ದಂತೆ ಹಳೇ ಮೈಸೂರು ಸೀಮೆಯ ಮನೆಗಳಿಗೆ ಸೊಗಡಿನ ಅವರೆಕಾಯಿ ಚೀಲಗಟ್ಟಲೆ ಬರುತ್ತದೆ. ಕಾಯಿ ಸುಲಿದು, ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಗ್ಗೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಹೊರಗೆ ಜಾರುತ್ತದೆ. ದೊಡ್ಡವರಿಗೆ ಇದು ಬೇಸರದ ಕೆಲಸ. ಒಂದು ಹೊತ್ತಿನ ಸಾರಿಗೆ ಸಾಕಾಗುವಷ್ಟು ಬೇಳೆ ಆಗುವುದರೊಳಗೆ ಬೆರಳ ತುದಿ ಸುಕ್ಕುಗಟ್ಟಿರುತ್ತದೆ. ಅದೇ ಪಾತ್ರೆಯ ಮುಂದೆ ಮೂರು ವರ್ಷದ ಮಗುವನ್ನು ಕೂರಿಸಿ ನೋಡಬೇಕು. ಮೊದಲ ಕಾಳು ಅಜ್ಜಿಯ ಕನ್ನಡಕಕ್ಕೆ ತಾಗುತ್ತದೆ, ಎರಡನೆಯದು ಮಂಚದ ಕೆಳಗೆ ಓಡುತ್ತದೆ, ಮೂರನೆಯದು ಹೇಗೋ ಪಾತ್ರೆಯೊಳಗೆ ಬೀಳುತ್ತದೆ. ಆಮೇಲೆ ಮಗುವನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ.

ಗಡಿಯಾರ ನೋಡಿದರೆ, ಪುಟ್ಟ ಕೈ ಸೇರಿದ ಮೇಲೆ ಅರ್ಧ ಗಂಟೆಯ ಕೆಲಸ ಒಂದು ಗಂಟೆಯದಾಗುತ್ತದೆ. ಆದರೂ ಮಗುವಿನ ಮಟ್ಟಿಗೆ ಅದು ಕೆಲಸವೇ, ಅದೂ ಗಂಭೀರವಾದ ಕೆಲಸ. ಜರ್ಮನಿಯ ಲೈಪ್ಸಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. 18 ತಿಂಗಳ 24 ಮಕ್ಕಳ ಎದುರು ದೊಡ್ಡವರೊಬ್ಬರು ಸಣ್ಣಪುಟ್ಟ ಪೇಚಿಗೆ ಸಿಕ್ಕಿಕೊಳ್ಳುತ್ತಿದ್ದರು. ಬಟ್ಟೆ ಒಣಹಾಕುವಾಗ ಕ್ಲಿಪ್ಪು ಕೈಜಾರಿ ಬೀಳುತ್ತಿತ್ತು. ಎರಡೂ ಕೈ ತುಂಬ ಪುಸ್ತಕವಿದ್ದು ಬೀರುವಿನ ಬಾಗಿಲು ತೆಗೆಯಲಾಗುತ್ತಿರಲಿಲ್ಲ. ಸಹಾಯ ಮಾಡೆಂದು ಯಾರೂ ಕೇಳಲಿಲ್ಲ, ಮಾಡಿದ್ದಕ್ಕೆ ಭೇಷ್ ಎನ್ನಲೂ ಇಲ್ಲ. ಆದರೂ 22 ಮಕ್ಕಳು ಒಮ್ಮೆಯಾದರೂ ತಾವಾಗಿ ಎದ್ದು ಹೋಗಿ ನೆರವಾದವು. ಎರಡು ವರ್ಷದ ನಂತರ ಅದೇ ಇಬ್ಬರಿಗೆ ಇನ್ನೊಂದು ಸಂಗತಿ ಕಂಡಿತು. ನೆರವಾದಾಗಲೆಲ್ಲ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ ನೆರವಾಗುವುದನ್ನೂ ಕಡಿಮೆ ಮಾಡಿದವು. ಏನನ್ನೂ ಪಡೆಯದ ಮಕ್ಕಳ ಉತ್ಸಾಹ ಮಾತ್ರ ಮೊದಲಿನಂತೆಯೇ ಇತ್ತು.

ಬೇಳೆ ಹಿತುಕುವ ಖುಷಿಯೇ ಅದರ ಕೂಲಿ ಎಂದಾಯಿತು. ಕೊತ್ತಂಬರಿ ಸೊಪ್ಪು ಬಿಡಿಸುವುದು, ರೊಟ್ಟಿ ತಟ್ಟುವ ಅಮ್ಮನ ಪಕ್ಕದಲ್ಲಿ ಹಿಟ್ಟಿನ ಪುಟ್ಟ ಉಂಡೆಯನ್ನು ತಾನೂ ತಟ್ಟುವುದು, ರಂಗೋಲಿಯ ಚುಕ್ಕಿಯ ಮೇಲೆ ಇನ್ನೊಂದು ಚುಕ್ಕಿ ಇಡುವುದು, ಒಣಗಿದ ಬಟ್ಟೆಯಲ್ಲಿ ತನ್ನ ಚಡ್ಡಿಯನ್ನು ಹುಡುಕಿ ತೆಗೆಯುವುದು. ಮಗು ಇವುಗಳಲ್ಲಿ ಒಂದನ್ನೂ ಬಿಡದೆ ಕೈ ಹಾಕುತ್ತದೆ. ಒಂದು ಮುಗಿಯುತ್ತಿದ್ದಂತೆ ಅದರ ಬಾಯಿಂದ ಬರುವ ಮಾತು ಎಲ್ಲ ಮನೆಗೂ ಪರಿಚಿತ: ‘ಇನ್ನೊಂದ್ಸಲ.’

ಮಕ್ಕಳಿರುವ ಮನೆಯ ಸಂತೋಷ ಎಂದರೆ ಹುಟ್ಟುಹಬ್ಬ, ಪ್ರವಾಸ, ಮೊದಲ ಹೆಜ್ಜೆ, ಮೊದಲ ಮಾತು ಎಂದು ಜನ ಎಣಿಸುತ್ತಾರೆ. ಅವು ಕ್ಯಾಮೆರಾಗೆ ಸುಲಭವಾಗಿ ಸಿಗುವಂಥವು. ದಿನವೂ ಮಾಡಬೇಕಾದ ಮೀಸುವ, ಉಣಿಸುವ, ಕಥೆ ಹೇಳುವ, ಮಲಗಿಸುವ ಕೆಲಸಗಳು ಮಾತ್ರ ‘ಮುಗಿಸಿಬಿಡಬೇಕಾದ’ ಪಟ್ಟಿಗೆ ಸೇರುತ್ತವೆ. ಕಳೆದ ಐವತ್ತು ವರ್ಷಗಳಲ್ಲಿ ಮಕ್ಕಳ ಬೆಳವಣಿಗೆಯನ್ನು ಹತ್ತಿರದಿಂದ ನೋಡಿದವರ ಕೆಲಸವನ್ನು ಒಟ್ಟಿಗಿಟ್ಟು ಓದಿದರೆ, ಮನೆಯ ದೊಡ್ಡ ಸಂತೋಷ ಇರುವುದು ಈ ಎರಡನೆಯ ಪಟ್ಟಿಯಲ್ಲಿ, ಅದೂ ಮತ್ತೆ ಮತ್ತೆ ಮಾಡುವುದರಲ್ಲಿ, ಎಂದು ಹೇಳಲು ಗಟ್ಟಿ ಕಾರಣಗಳು ಸಿಗುತ್ತವೆ.

ಎದುರು ಸಾಕ್ಷಿಯೂ ಇದೆ, ಅದನ್ನು ಮುಚ್ಚಿಡಬಾರದು. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಾಸ್‌ನಲ್ಲಿ ಉದ್ಯೋಗದಲ್ಲಿದ್ದ 909 ಮಹಿಳೆಯರಿಂದ ಹಿಂದಿನ ದಿನದ ದಿನಚರಿ ಬರೆಸಿ, ಒಂದೊಂದು ಹೊತ್ತಿನಲ್ಲೂ ಮನಸ್ಸು ಹೇಗಿತ್ತೆಂದು ಕೇಳಿದ್ದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಟಿ.ವಿ. ನೋಡುವುದು, ಅಡುಗೆ, ಅಂಗಡಿಗೆ ಹೋಗುವುದು, ಹಗಲು ನಿದ್ದೆ ಇವುಗಳಿಗಿಂತ ಕೆಳಗಿತ್ತು. ಮನೆಗೆಲಸ, ಕಚೇರಿ ಕೆಲಸ, ಕಚೇರಿಯ ಓಡಾಟಗಳಿಗಿಂತ ಸ್ವಲ್ಪ ಮೇಲಿತ್ತು. ದಿನವಿಡೀ ದುಡಿದು ಬಂದು ಒಲೆಯ ಮೇಲೆ ಅನ್ನ, ಸೊಂಟದ ಮೇಲೆ ಮಗು ಇಟ್ಟುಕೊಂಡ ಯಾವ ತಾಯಿಗೂ ಇದು ಅಚ್ಚರಿಯಲ್ಲ. 2009ರಲ್ಲಿ ಮ್ಯಾಥ್ಯೂ ವೈಟ್ ಮತ್ತು ಪಾಲ್ ಡೋಲನ್ ಇಂಥದೇ ದಿನಚರಿ ಬರೆಸುವಾಗ ಇನ್ನೊಂದು ಪ್ರಶ್ನೆ ಸೇರಿಸಿದರು: ಆ ಹೊತ್ತು ಸಾರ್ಥಕ ಎನಿಸಿತೇ? ಆಗ ಮಕ್ಕಳ ಜೊತೆಗಿನ ಸಮಯ ಪಟ್ಟಿಯಲ್ಲಿ ಮೇಲೇರಿತು. ದಣಿವೂ ಸಾರ್ಥಕತೆಯೂ ಒಂದೇ ಸಂಜೆ ಒಂದೇ ಮನಸ್ಸಿನಲ್ಲಿ ಇರಬಲ್ಲವು. ಸಣ್ಣ ಮಕ್ಕಳನ್ನು ಸಾಕಿದವರಿಗೆ ಇದು ಗೊತ್ತು. ಅವರ ದಣಿವನ್ನು ಒಪ್ಪಿಕೊಂಡು ಕೈಜೋಡಿಸುವುದು ಉಳಿದವರ ಕರ್ತವ್ಯ; ‘ಮಗು ಇದೆಯಲ್ಲ, ಇನ್ನೇನು ಬೇಕು’ ಎಂದು ಬಾಯಿ ಮುಚ್ಚಿಸುವುದು ಅನ್ಯಾಯ.

ಎಣ್ಣೆ ನೀರಿನ ಮಾತಿಗೆ ಬರೋಣ. ಬಾಣಂತಿ ಇರುವ ಮನೆಯಲ್ಲಿ ಕೂಸಿಗೆ ನೀರೆರೆಯುವ ಹೊತ್ತಿಗೆ ಬಚ್ಚಲಿನ ಬಾಗಿಲಲ್ಲಿ ಜನ ಸೇರುವುದು ಇಂದಿಗೂ ಉಂಟು. ಮಣೆಯ ಮೇಲೆ ಕಾಲು ನೀಡಿ ಕೂತ ಅಜ್ಜಿ ಸೀರೆಯನ್ನು ಮೊಣಕಾಲಿಗೆ ಸರಿಸಿ, ಎರಡೂ ಕಾಲಿನ ನಡುವಿನ ಇಳಿಜಾರಿನಲ್ಲಿ ಕೂಸನ್ನು ಬೋರಲು ಮಲಗಿಸುತ್ತಾರೆ. ಬೆನ್ನ ಮೇಲೆ ಬಿಸಿನೀರು ಬೀಳುತ್ತಿದ್ದಂತೆ ಅಳು, ಒರೆಸಿ ಸುತ್ತಿದ ಕೂಡಲೇ ಆಕಳಿಕೆ. ನೀರಿಗೆ ಮುಂಚಿನ ಎಣ್ಣೆ ತಿಕ್ಕುವಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಕೂದಲಿರುವ ಚರ್ಮದಲ್ಲಿ ಮೃದುವಾದ ಸ್ಪರ್ಶಕ್ಕೆಂದೇ ಇರುವ ನಿಧಾನಗತಿಯ ನರತಂತುಗಳಿವೆ. ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ತೋರಿಸಿದಂತೆ, ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಇವು ಹೆಚ್ಚು ಸ್ಪಂದಿಸುತ್ತವೆ. ಜನರಿಗೆ ಅತಿ ಹಿತ ಎನಿಸುವುದೂ ಅದೇ ವೇಗ. ಆಮೇಲಿನ ಅಧ್ಯಯನಗಳಲ್ಲಿ, ಆ ವೇಗದಲ್ಲಿ ಸವರಿದರೆ 9 ತಿಂಗಳ ಮಕ್ಕಳ ಎದೆಬಡಿತ ನಿಧಾನವಾಗುವುದು ಕಂಡಿತು. ಮಗುವನ್ನು ಸವರಿ ಎಂದು ತಂದೆತಾಯಿಗೆ ಹೇಳಿ, ವೇಗದ ಬಗ್ಗೆ ಏನೂ ಹೇಳದೆ ಅಳೆದಾಗ, ಅವರ ಕೈ ತಾನಾಗಿ ಅದೇ ವೇಗಕ್ಕೆ ಇಳಿದಿತ್ತು. ಯಾವ ಅಜ್ಜಿಯೂ ಇದನ್ನು ಪುಸ್ತಕದಿಂದ ಕಲಿತಿಲ್ಲ.

ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಈ ಸ್ಪರ್ಶ ಇನ್ನೂ ದೊಡ್ಡದು. ಅಮೆರಿಕದ ಟಿಫನಿ ಫೀಲ್ಡ್ 1986ರಲ್ಲಿ ಇಂಥ ಶಿಶುಗಳಿಗೆ ಹತ್ತು ದಿನ, ದಿನಕ್ಕೆ ಮೂರು ಬಾರಿ, 15 ನಿಮಿಷ ಮೈ ನೀವಿಸಿದರು. ಆ ಶಿಶುಗಳು ಉಳಿದವುಗಳಿಗಿಂತ ಶೇ. 47ರಷ್ಟು ಹೆಚ್ಚು ತೂಕ ಪಡೆದವು. ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಶುರುವಾದ, ಕೂಸನ್ನು ಬರಿ ಎದೆಗೆ ಅವಚಿ ಕಟ್ಟಿಕೊಳ್ಳುವ ‘ಕಾಂಗರೂ’ ಆರೈಕೆ ಈಗ ನಮ್ಮ ಕೊಪ್ಪಳದವರೆಗೂ ಬಂದಿದೆ. ಅಮ್ಮನ ಎದೆಯೇ ಆಗಬೇಕೆಂದಿಲ್ಲ, ಅಪ್ಪನ ಎದೆಯೂ ಆದೀತು. ಇದರ ಜೊತೆಗೆ ವೈದ್ಯರ ಎಚ್ಚರಿಕೆಯನ್ನೂ ಹೇಳಿಬಿಡಬೇಕು: ಕೂಸಿನ ಮೂಗು, ಕಿವಿಗೆ ಎಣ್ಣೆ ಬಿಡುವುದು ಬೇಡ, ಸಾಂಬ್ರಾಣಿ ಹೊಗೆ ಹಿಡಿಯುವುದೂ ಬೇಡ. ಸವರುವ ಕೈಯ ಹಿತಕ್ಕೆ ಇವೆರಡೂ ಬೇಕಿಲ್ಲ.

ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಮನೆಯಲ್ಲಿ ಗಟ್ಟಿ ನಗು ಕೇಳಲು ಶುರುವಾಗುತ್ತದೆ. ಆರೇಳು ತಿಂಗಳಿಗೆ ಅಮ್ಮ ಸೆರಗಿನಿಂದ ಮುಖ ಮುಚ್ಚಿ ‘ಅಮ್ಮ ಎಲ್ಲಿ?’ ಎಂದು, ತಟ್ಟನೆ ಸೆರಗು ಸರಿಸಿ ‘ಇಲ್ಲೀ!’ ಎಂದರೆ ಮಗು ಮೈಯೆಲ್ಲ ಅಲುಗಿಸಿ ಕೇಕೆ ಹಾಕುತ್ತದೆ. ಕಣ್ಣಿಗೆ ಕಾಣದ ವಸ್ತು ಇಲ್ಲವಾಗಿಲ್ಲ, ಎಲ್ಲೋ ಇದ್ದೇ ಇದೆ ಎಂಬ ತಿಳಿವಳಿಕೆ ಮಗುವಿಗೆ ಸುಮಾರು ಎಂಟು ತಿಂಗಳಿಗೆ ಗಟ್ಟಿಯಾಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಹೇಳಿದ್ದರು. ಅದು ಇನ್ನೂ ಮುಂಚೆಯೇ ಮೊಳೆಯುತ್ತದೆ ಎಂದು ಅವರ ನಂತರದವರು ತೋರಿಸಿದ್ದಾರೆ. ಹೀಗೆ ತಿಳಿವಳಿಕೆ ಬರುತ್ತಿರುವ ಹೊತ್ತಿಗೇ ಈ ಆಟ ಅತಿ ರುಚಿಸುವುದು ಕಾಕತಾಳೀಯವಲ್ಲ. ಅಮ್ಮ ಮರೆಯಾದಳು ಎಂಬ ಸಣ್ಣ ಆತಂಕ, ಬಂದೇ ಬರುತ್ತಾಳೆ ಎಂಬ ನಂಬಿಕೆ, ಬಂದಳು ಎಂಬ ಗೆಲುವು, ಮೂರೂ ಮೂರು ಸೆಕೆಂಡಿನೊಳಗೆ ನಡೆದುಹೋಗುತ್ತವೆ.

ಜೆರೋಮ್ ಬ್ರೂನರ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಈ ಆಟವನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಅವರ ಗಮನಕ್ಕೆ ಬಂದದ್ದು ಆಟದ ನಿಯಮ. ಮುಚ್ಚುವುದು, ಕಾಯಿಸುವುದು, ತೆರೆಯುವುದು ಎಂಬ ಕ್ರಮ ಬದಲಾಗುವುದಿಲ್ಲ. ಎಷ್ಟು ಹೊತ್ತು ಕಾಯಿಸುವುದು, ಯಾವ ದನಿಯಲ್ಲಿ ಕೂಗುವುದು ಎಂಬುದಷ್ಟೇ ಬದಲಾಗುತ್ತದೆ. ಕ್ರಮ ಗೊತ್ತಿರುವುದರಿಂದಲೇ ಸಣ್ಣ ಬದಲಾವಣೆ ಮಗುವಿಗೆ ಸೋಜಿಗ. ವರ್ಷ ತುಂಬುವ ಹೊತ್ತಿಗೆ ಪಾತ್ರ ಅದಲುಬದಲು: ಮಗುವೇ ಟವೆಲಿನ ಕೆಳಗೆ ತಲೆ ಮುಚ್ಚಿಕೊಂಡು, ಹೊಟ್ಟೆ ಕಾಲು ಎಲ್ಲ ಹೊರಗೆ ಬಿಟ್ಟು, ತಾನು ಯಾರಿಗೂ ಕಾಣುತ್ತಿಲ್ಲ ಎಂದು ನಂಬಿ ಕಾಯುತ್ತದೆ. ಆಗ ಇಡೀ ಮನೆ ‘ಎಲ್ಲಿ ಹೋಯ್ತು ನಮ್ಮ ಬಂಗಾರ?’ ಎಂದು ಹುಡುಕಲೇಬೇಕು. ಮಾತು ಕಲಿಯುವ ಮೊದಲು ಮಾತಿನ ಸರದಿಯನ್ನು, ನೀನೊಮ್ಮೆ ನಾನೊಮ್ಮೆ ಎಂಬ ಲಯವನ್ನು, ಮಗು ಕಲಿಯುವುದು ಇಂಥ ಆಟದಲ್ಲೇ ಎಂದು ಬ್ರೂನರ್ ವಾದಿಸಿದರು.

ಇನ್ನು ಊಟ ಮತ್ತು ಕಥೆ. ಕನ್ನಡದ ಮನೆಗಳಲ್ಲಿ ಇವೆರಡನ್ನೂ ಬಿಡಿಸಲಾಗದು. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ಜೀವನವಿಡೀ ಸಂಗ್ರಹಿಸಿದ ಜನಪದ ಕಥೆಗಳಲ್ಲಿ ಬಹುಪಾಲು ಅಡುಗೆಮನೆಯ ಕಥೆಗಳು. ಅಜ್ಜಿ, ಅತ್ತೆ, ಚಿಕ್ಕಮ್ಮಂದಿರು ಮಕ್ಕಳಿಗೆ ಕೈತುತ್ತು ಹಾಕುತ್ತ, ನಿದ್ದೆಗೆ ಜಾರದಂತೆ ಎಚ್ಚರವಾಗಿಡಲು ಹೇಳುತ್ತಿದ್ದಂಥವು. ಕಾಗಕ್ಕ ಗುಬ್ಬಕ್ಕನ ಕಥೆ ಕೇಳದೆ ಬೆಳೆದ ಕನ್ನಡದ ಮಗು ಕಡಿಮೆ. ಒಬ್ಬಳ ಮನೆ ಮಳೆಗೆ ಕರಗುತ್ತದೆ, ಇನ್ನೊಬ್ಬಳ ಮನೆ ನಿಲ್ಲುತ್ತದೆ, ಒಬ್ಬಳು ಬಾಗಿಲು ತಟ್ಟುತ್ತಾಳೆ, ಇನ್ನೊಬ್ಬಳು ಏನೋ ಒಂದು ನೆಪ ಹೇಳುತ್ತ ಬಾಗಿಲು ತೆಗೆಯಲು ತಡಮಾಡುತ್ತಾಳೆ. ಆ ನೆಪ ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ. ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ, ಬಟ್ಟೆ ತೊಡಿಸುತ್ತಿದ್ದೇನೆ, ಉಣಿಸುತ್ತಿದ್ದೇನೆ ಎನ್ನುತ್ತ ಅಜ್ಜಿ ಒಂದೊಂದು ನೆಪಕ್ಕೆ ಒಂದೊಂದು ತುತ್ತು ಇಡುತ್ತಾಳೆ. ಕಥೆ ಮುಗಿಯುವ ಹೊತ್ತಿಗೆ ತಟ್ಟೆಯೂ ಖಾಲಿ.

ರಾಮಾನುಜನ್ ಸಂಗ್ರಹದಲ್ಲಿ ಒಂದು ವಿಲಕ್ಷಣ ಕಥೆಯಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆಕೆ ಕಥೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಎಂದೂ ಹಾಡಲಿಲ್ಲ. ಒಳಗೆ ಉಸಿರುಗಟ್ಟಿದ ಅವು, ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಬಾಗಿಲಾಚೆ ಒಂದು ಜೊತೆ ಚಪ್ಪಲಿಯಾಯಿತು, ಹಾಡು ಗೂಟದಲ್ಲಿ ತೂಗುವ ಗಂಡಸಿನ ಅಂಗಿಯಾಯಿತು. ಗಂಡ ಬಂದು ನೋಡಿ ಸಂಶಯಪಟ್ಟ, ಜಗಳವಾಯಿತು. ಹೇಳದೆ ಇಟ್ಟುಕೊಂಡ ಕಥೆ ಮನೆಯನ್ನೇ ಕಾಡುತ್ತದೆ ಎಂಬ ಈ ಜನಪದ ಕಲ್ಪನೆಯನ್ನು ಗಿರೀಶ ಕಾರ್ನಾಡರು 1988ರ ‘ನಾಗಮಂಡಲ’ದಲ್ಲಿ ರಂಗಕ್ಕೆ ತಂದರು. ಕಥೆ ಹೇಳುವವರಿಗೂ ಅದು ಬೇಕು ಎಂಬುದನ್ನು ನಮ್ಮ ಹಳ್ಳಿಯ ಹೆಂಗಸರು ಎಷ್ಟು ಬೆರಗಿನಿಂದ ಹೇಳಿಟ್ಟಿದ್ದಾರೆ!

ಕೇಳುವ ಮಗುವಿನದು ಒಂದೇ ಹಟ: ನಿನ್ನೆಯದೇ ಕಥೆ ಬೇಕು, ನಿನ್ನೆಯ ಹಾಗೆಯೇ ಬೇಕು. ಗುಬ್ಬಕ್ಕನ ಒಂದು ನೆಪ ಬಿಟ್ಟುಹೋದರೂ ಅಲ್ಲಿಗೇ ತಡೆದು ತಿದ್ದುತ್ತದೆ. ಹೊಸ ಕಥೆ ಕಲಿಸಬೇಕೆಂದಿರುವ ತಂದೆತಾಯಿಗೆ ಇದು ಬೇಸರ ತರಬಹುದು. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹಾರ್ಸ್ಟ್ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಅವರಿಗೆ ಸಮಾಧಾನ ಹೇಳುತ್ತದೆ. ಅವರು ಮೂರು ವರ್ಷದ ಮಕ್ಕಳ ಎರಡು ಗುಂಪಿಗೂ ಹೊಸ ಪದಗಳನ್ನು ಅಷ್ಟೇ ಸಲ ಕೇಳಿಸಿದರು. ಒಂದು ಗುಂಪಿಗೆ ಅದೇ ಕಥೆಗಳನ್ನು ಮತ್ತೆ ಮತ್ತೆ ಓದಿ, ಇನ್ನೊಂದಕ್ಕೆ ಬೇರೆ ಬೇರೆ ಕಥೆಗಳಲ್ಲಿ. ಅದೇ ಕಥೆ ಕೇಳಿದ ಮಕ್ಕಳೇ ಪದಗಳನ್ನು ಹೆಚ್ಚು ಕಲಿತರು, ಹೆಚ್ಚು ನೆನಪಿಟ್ಟರು. ಮೊದಲ ಸಲ ಕಥೆಯ ಎಳೆ ಹಿಡಿಯುವುದರಲ್ಲೇ ಗಮನ ಕಳೆದುಹೋಗುತ್ತದೆ. ಮುಂದೇನೆಂದು ಗೊತ್ತಿದ್ದಾಗ ಮಾತಿನ ಕಡೆ, ಚಿತ್ರದ ಕಡೆ ಕಣ್ಣು ಹೋಗುತ್ತದೆ. ‘ಇನ್ನೊಂದ್ಸಲ’ ಎನ್ನುವ ಮಗು ತನಗೆ ಬೇಕಾದ ಪಾಠವನ್ನು ತಾನೇ ಕೇಳಿ ಪಡೆಯುತ್ತಿದೆ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದ ಪದ್ಯಗಳು ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ಹರಿದುಬಂದದ್ದೂ ಸಾವಿರ ಸಲ ಹೇಳಿದರೂ ಅವುಗಳ ಲಯ ಸವೆಯದ ಕಾರಣಕ್ಕೆ.

ಈಗ ಎಷ್ಟೋ ಮನೆಗಳಲ್ಲಿ ತಟ್ಟೆಯ ಪಕ್ಕದಲ್ಲಿ ಕಥೆಯ ಜಾಗಕ್ಕೆ ಫೋನ್ ಬಂದಿದೆ. ಮಗು ಪರದೆ ನೋಡುತ್ತ ಬಾಯಿ ತೆರೆಯುತ್ತದೆ, ತುತ್ತು ಒಳಗೆ ಹೋಗುತ್ತದೆ, ರುಚಿ ಯಾವುದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಇದಕ್ಕಾಗಿ ತಾಯಂದಿರನ್ನು ದೂರುವುದು ಸುಲಭ, ಸರಿಯಲ್ಲ. ಕಥೆ ಹೇಳಲು ಅತ್ತೆ-ಅಜ್ಜಿಯರಿಲ್ಲದ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಎಲ್ಲವನ್ನೂ ತೂಗಿಸಬೇಕು. ಆದರೆ ಕಳೆದುಕೊಳ್ಳುವುದು ಏನೆಂದು ತಿಳಿದಿರಬೇಕು. ಅಮೆರಿಕದ ಪೆಟ್ರೀಷಿಯಾ ಕೂಲ್ 2003ರಲ್ಲಿ ಇಂಗ್ಲಿಷ್ ಮನೆಗಳ 9 ತಿಂಗಳ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಟವಾಡಿಸಿದವರಿಂದ ಹನ್ನೆರಡು ಬಾರಿ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಗಳ ವ್ಯತ್ಯಾಸ ಗುರುತಿಸಿದವು. ಅದೇ ಜನ, ಅದೇ ಮಾತು ಟಿ.ವಿ. ಪರದೆಯ ಮೇಲೆ ಬಂದಾಗ ಶಿಶುಗಳು ಏನನ್ನೂ ಕಲಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದಿತು.

ಒಂದು ವಿನಾಯಿತಿ ಕೊಡಬಹುದು. ಮಗಳು ಕ್ಯಾಲಿಫೋರ್ನಿಯಾದಲ್ಲಿ, ಅಜ್ಜಿ ಶಿವಮೊಗ್ಗದಲ್ಲಿ ಇರುವ ಕುಟುಂಬಗಳು ಈಗ ಸಾಮಾನ್ಯ. ಅಲ್ಲಿನ ರಾತ್ರಿಯೂಟ, ಇಲ್ಲಿನ ಬೆಳಗಿನ ಕಾಫಿ ಒಂದೇ ಹೊತ್ತಿಗೆ ಬಿದ್ದು, ವಿಡಿಯೊ ಕರೆಯಲ್ಲೇ ಗುಬ್ಬಕ್ಕ ಬಾಗಿಲು ತೆಗೆಯಲು ತಡಮಾಡುತ್ತಾಳೆ. 2014ರ ಒಂದು ಅಧ್ಯಯನದಲ್ಲಿ ಎರಡು ವರ್ಷ ದಾಟಿದ ಮಕ್ಕಳು ವಿಡಿಯೊ ಕರೆಯಲ್ಲಿ ಮಾತಾಡಿದವರಿಂದ ಎದುರಿಗಿದ್ದವರಿಂದ ಕಲಿತಂತೆಯೇ ಹೊಸ ಪದ ಕಲಿತರು. ಮೊದಲೇ ಚಿತ್ರೀಕರಿಸಿದ ವಿಡಿಯೊದಿಂದ ಕಲಿಯಲಿಲ್ಲ. ಮಗುವಿನ ಮಾತಿಗೆ ಮರುಮಾತು ಬರುತ್ತದೆಯೇ ಎಂಬುದೇ ಅಲ್ಲಿ ಮುಖ್ಯವಾಯಿತು.

ಆಟಿಕೆಯ ಮಾತು ಚಿಕ್ಕದು. ಚನ್ನಪಟ್ಟಣದ ಅರಗಿನ ಬಣ್ಣದ ಗಿಲಕಿ, ಒಂದು ಬುಗುರಿ, ಎರಡು ಸ್ಟೀಲ್ ಲೋಟ, ಒಂದು ಖಾಲಿ ರಟ್ಟಿನ ಡಬ್ಬ ಇದ್ದರೆ ಬೇಕಾದಷ್ಟಾಯಿತು. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪುಟ್ಟ ಮಕ್ಕಳ ಮುಂದೆ ಒಮ್ಮೆ 16, ಇನ್ನೊಮ್ಮೆ 4 ಆಟಿಕೆ ಇಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು.

ಹೊರಗೆ ಕರೆದುಕೊಂಡು ಹೋದರೆ ಬೀದಿಯ ಕೊನೆಯ ಹಾಲಿನ ಅಂಗಡಿಗೆ ಐದು ನಿಮಿಷದ ದಾರಿ ಅರ್ಧ ಗಂಟೆಯಾಗುತ್ತದೆ. ಇರುವೆ ಸಾಲು, ಮಲಗಿದ ನಾಯಿ, ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವುದು, ಎಲ್ಲದರ ಮುಂದೆಯೂ ನಿಲ್ಲಬೇಕು, ಎಲ್ಲಕ್ಕೂ ‘ಯಾಕೆ’ ಬೇಕು. ಮಕ್ಕಳ ಮಾತಿನ ಧ್ವನಿಮುದ್ರಣಗಳನ್ನು ಪರಿಶೀಲಿಸಿದ ಮಿಶೆಲ್ ಶೂನಾರ್ಡ್, ದೊಡ್ಡವರ ಜೊತೆ ಮಾತಿನಲ್ಲಿರುವಾಗ ಮಕ್ಕಳು ಏನನ್ನಾದರೂ ತಿಳಿದುಕೊಳ್ಳಲೆಂದೇ ಗಂಟೆಗೆ ಸರಾಸರಿ 76 ಪ್ರಶ್ನೆ ಕೇಳುತ್ತಾರೆ ಎಂದು 2007ರಲ್ಲಿ ಬರೆದರು. ಉತ್ತರ ಸರಿಹೋಗದಿದ್ದರೆ ಬಿಡದೆ ಮತ್ತೆ ಕೇಳುತ್ತಾರೆ. ಟ್ಯೂಬಿನ ಗುಳ್ಳೆ ಎಲ್ಲಿಂದ ಬಂತು ಎಂದು ಕೇಳಿದ ಮಗುವಿನ ಎದುರು ಕೂತು ಅದನ್ನು ವಿವರಿಸಬೇಕಾಗಿ ಬಂದ ಎಷ್ಟೋ ಅಪ್ಪಂದಿರು, ತಾವೂ ಅದನ್ನು ಮೊದಲ ಬಾರಿಗೆ ಸರಿಯಾಗಿ ನೋಡಿರುತ್ತಾರೆ.

ಅಪ್ಪಂದಿರ ಮಾತನ್ನು ಇಲ್ಲಿ ಖಚಿತವಾಗಿ ಆಡಬೇಕು, ಏಕೆಂದರೆ ಈ ಸಂತೋಷ ಕೆಲಸ ಮಾಡಿದವರ ಪಾಲಿಗೇ ಹೆಚ್ಚು ಬರುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಮಹಿಳೆಯರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ಪುರುಷರಲ್ಲಿ ಶೇ. 21.4ರಷ್ಟು ಮಂದಿ. ಹಾಗೆ ತೊಡಗಿದವರಲ್ಲೂ ಮಹಿಳೆಯರು ದಿನಕ್ಕೆ ಸುಮಾರು 140 ನಿಮಿಷ, ಪುರುಷರು 74 ನಿಮಿಷ ಕೊಟ್ಟಿದ್ದರು. ಗಂಡಸಿನ ಸ್ವಭಾವಕ್ಕೆ ಇದು ಒಗ್ಗುವುದಿಲ್ಲ ಎಂಬ ಮಾತಿಗೆ ವಿಜ್ಞಾನದ ಆಧಾರ ಸಿಗದು. ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ 624 ಯುವಕರನ್ನು ಹಲವು ವರ್ಷ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಬಂತು. ತಂದೆಯಾದವರ ಮೈಯಲ್ಲಿ ಟೆಸ್ಟೊಸ್ಟೆರೋನ್ ಹಾರ್ಮೋನು ಗಣನೀಯವಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಮಗುವನ್ನು ನೋಡಿಕೊಂಡವರಲ್ಲಿ ಅದು ಎಲ್ಲರಿಗಿಂತ ಕಡಿಮೆಯಿತ್ತು. ಎತ್ತಿ ಆಡಿಸುವ ಕೈಗೆ ದೇಹವೂ ಹೊಂದಿಕೊಳ್ಳುತ್ತದೆ. ಭಾನುವಾರ ಮಾತ್ರ ಮಗುವನ್ನು ಎತ್ತಿಕೊಳ್ಳುವ ಅಪ್ಪನಿಗೆ ಕಾಗಕ್ಕನ ಕಥೆಯ ಯಾವ ನೆಪ ಬಿಟ್ಟುಹೋಯಿತೆಂದು ತಿಳಿಯುವುದೇ ಇಲ್ಲ. ಅದನ್ನು ತಿಳಿಯುವ ಹಕ್ಕು ಅವನಿಗೂ ಇದೆ. ಕಚೇರಿಯವರು ಅದಕ್ಕೆ ರಜೆ ಕೊಡಬೇಕು, ಮನೆಯವರು ಅವನ ಒರಟು ಕೈಗೆ ಎಣ್ಣೆ ಬಟ್ಟಲು ಕೊಡಬೇಕು.

ರಾತ್ರಿ ಮಲಗಿಸುವ ಸರದಿ ಅಪ್ಪನಿಗೆ ಬಂದರೆ ಅವನಿಗೆ ಉಪಯೋಗವಾಗುವ ಎರಡು ಸಂಗತಿಗಳಿವೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 2015ರಲ್ಲಿ ನಡೆದ ಪ್ರಯೋಗದಲ್ಲಿ, ಹಾಡು ಕೇಳುತ್ತಿದ್ದ ಶಿಶುಗಳು ಸುಮಾರು ಒಂಬತ್ತು ನಿಮಿಷ ಅಳದೆ ಇದ್ದವು. ಮಾತು ಕೇಳುತ್ತಿದ್ದವು ಅದರ ಅರ್ಧದಷ್ಟು ಹೊತ್ತಿಗೇ ಅಳಲು ಶುರುಮಾಡಿದವು. ಆ ಹಾಡು ಶಿಶುಗಳಿಗೆ ಗೊತ್ತಿಲ್ಲದ ಭಾಷೆಯದಾಗಿತ್ತು. ಆದ್ದರಿಂದ ದನಿ ಚೆನ್ನಾಗಿಲ್ಲ, ಪದ ಮರೆತಿದೆ ಎಂಬುದು ಜೋಗುಳಕ್ಕೆ ಅಡ್ಡಿಯಲ್ಲ. ಎರಡನೆಯದು ಜಪಾನಿನ ಕುಮಿ ಕುರೊಡಾ ಅವರ ತಂಡ 2022ರಲ್ಲಿ ಹೇಳಿದ್ದು: ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆಯಬೇಕು, ನಿದ್ದೆ ಹತ್ತಿದ ಕೂಡಲೇ ಇಳಿಸದೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂರಬೇಕು, ಆಮೇಲೆ ತೊಟ್ಟಿಲಿಗೆ ಹಾಕಬೇಕು. ಮೈಯಿಂದ ಬೇರ್ಪಡುವ ಗಳಿಗೆಗೇ ಕೂಸಿನ ಎದೆಬಡಿತ ಏರುತ್ತದೆ, ನಿದ್ದೆ ಗಟ್ಟಿಯಾಗಿದ್ದರೆ ಮಾತ್ರ ಎಚ್ಚರವಾಗದು ಎಂದು ಅವರು ಅಳೆದು ತೋರಿಸಿದರು.

ಸ್ವಲ್ಪ ದೊಡ್ಡ ಮಕ್ಕಳಿಗೆ ದೀಪ ಆರಿಸುವ ಮುಂಚೆ ಆ ದಿನದ ಮಾತು ಬೇಕು. ಇವತ್ತು ಯಾರು ಬಂದಿದ್ದರು? ಕೋತಿ ಏನು ಎತ್ತಿಕೊಂಡು ಹೋಯಿತು? ಆಗ ನೀನು ಏನೆಂದೆ? ಈ ಮಾತಿಗೆ ದೂರದ ಫಲವಿದೆ. ದೊಡ್ಡವರಲ್ಲಿ ಹೆಚ್ಚಿನವರ ಮೊಟ್ಟಮೊದಲ ನೆನಪು ಸುಮಾರು ಮೂರು, ಮೂರೂವರೆ ವರ್ಷದ್ದು. ಅದಕ್ಕಿಂತ ಹಿಂದಿನದು ಅಳಿಸಿಹೋಗಿರುತ್ತದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಕೆಲವು ಮಕ್ಕಳನ್ನು ಎಳವೆಯಿಂದ ಹದಿಹರೆಯದವರೆಗೆ ಗಮನಿಸಿ, 2009ರಲ್ಲಿ ಒಂದು ವ್ಯತ್ಯಾಸ ವರದಿ ಮಾಡಿದರು. ನಡೆದದ್ದನ್ನು ವಿವರವಾಗಿ, ಕೇಳಿ ಕೇಳಿ ಮಾತಾಡುತ್ತಿದ್ದ ತಾಯಂದಿರ ಮಕ್ಕಳಿಗೆ ಉಳಿದವರಿಗಿಂತ ಇನ್ನೂ ಎಳೆಯ ವಯಸ್ಸಿನ ನೆನಪು ಉಳಿದಿತ್ತು.

ಹಾಗಿದ್ದರೂ ಎಣ್ಣೆ ನೀರು, ಸೆರಗಿನ ಆಟ, ಮಂಚದ ಕೆಳಗೆ ಓಡಿದ ಕಾಳು, ಇವುಗಳಲ್ಲಿ ಬಹುಪಾಲು ಮಗುವಿನ ನೆನಪಿನಲ್ಲಿ ಇರುವುದಿಲ್ಲ. ಅವು ದೊಡ್ಡವರ ಸೊತ್ತು, ದೊಡ್ಡವರೂ ಬೇಗ ಮರೆಯುತ್ತಾರೆ. ಹಾರ್ವರ್ಡ್‌ನ ಟಿಂಗ್ ಜಾಂಗ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಮರೆವಿನ ಬಗ್ಗೆಯೇ. ವಿದ್ಯಾರ್ಥಿಗಳು ಇತ್ತೀಚಿನ ಮಾತುಕತೆ, ಕೇಳುತ್ತಿದ್ದ ಹಾಡುಗಳಂಥ ಸಾಮಾನ್ಯ ಸಂಗತಿಗಳನ್ನು ಬರೆದಿಟ್ಟರು. ಮುಂದೆ ಇದನ್ನು ಓದಲು ನಮಗೇನು ಕುತೂಹಲವಿದ್ದೀತು ಎಂದೇ ಅವರ ಊಹೆ. ಮೂರು ತಿಂಗಳ ನಂತರ ತೆರೆದಾಗ ಊಹೆಗಿಂತ ಹೆಚ್ಚು ಕುತೂಹಲದಿಂದ ಓದಿದರು. ವಿಶೇಷ ದಿನಗಳಿಗಿಂತ ಸಾಮಾನ್ಯ ದಿನಗಳ ವಿಷಯದಲ್ಲೇ ಊಹೆ ಹೆಚ್ಚು ತಪ್ಪಿತ್ತು. ಮೊದಲ ಹೆಜ್ಜೆಯ ಫೋಟೊ ಎಲ್ಲ ಮನೆಯಲ್ಲೂ ಇರುತ್ತದೆ. ಮಗು ಚಂದ್ರನಿಗೆ ಏನೆಂದು ಹೆಸರಿಟ್ಟಿತ್ತು, ಯಾವ ಪದವನ್ನು ತಿರುಗಿಸಿ ಹೇಳುತ್ತಿತ್ತು, ಯಾವ ಕಥೆಯನ್ನು ತಿಂಗಳುಗಟ್ಟಲೆ ಬಿಡದೆ ಕೇಳಿತು, ಅಜ್ಜಿ ಗುಬ್ಬಕ್ಕನ ಬಾಯಲ್ಲಿ ಆಡಿಸುತ್ತಿದ್ದ ನೆಪಗಳು ಯಾವುವು ಎಂಬುದು ಮಾತ್ರ ಬರೆದಿಡದಿದ್ದರೆ ಎರಡೇ ವರ್ಷದಲ್ಲಿ ಕೈಬಿಟ್ಟು ಹೋಗುತ್ತದೆ. ಅದಕ್ಕೆ ಆಲ್ಬಂ ಬೇಕಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕ ಒಂದು ಸಾಲಿಗೆ ಜಾಗ ಇದ್ದೇ ಇರುತ್ತದೆ.